ಹರಿಣಕ್ಕನ ಕತ್ತರಿ ಪಾಠ

ನೆಕ್ರಾಜೆಯ ಹರಿಣಾಕ್ಷಿಗೆ ಪಿಸುಗುಟ್ಟಲು ಬರುವುದಿಲ್ಲ. ಅವಳ ತಪ್ಪಲ್ಲ, ಅಭ್ಯಾಸವೇ ಹಾಗೆ. ಹರೆಯದಲ್ಲಿ ಹನ್ನೆರಡು ವರ್ಷ ಬೀಡಿ ಶೆಡ್ಡಿನಲ್ಲಿ ಮೂವತ್ತು ಹೆಂಗಸರ ನಡುವೆ ಕೂತು ಪೇಪರು, ಕಾದಂಬರಿ ಎಲ್ಲ ಗಟ್ಟಿಯಾಗಿ ಓದಿದವಳು. ಓದುವವಳ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುವುದು ಅಲ್ಲಿನ ಪದ್ಧತಿ. ಆದರೆ ಮೂಲೆಯ ಕಿವಿಮಂದದ ಮುದುಕಿಗೂ ಕೇಳಬೇಕು! ಶೆಡ್ಡು ಮುಚ್ಚಿ ಬಹಳ ಕಾಲವಾಯಿತು. ಈಗ ಮನೆಯ ಜಗಲಿಯಲ್ಲೇ ಬೀಡಿ ಸುತ್ತುತ್ತಾಳೆ. ಸ್ವರ ಮಾತ್ರ ಶೆಡ್ಡಿನದ್ದೇ.

ಆ ಸ್ವರಕ್ಕೆ ಮತ್ತೆ ಕೆಲಸ ಕೊಟ್ಟವಳು ಪಕ್ಕದ ಮನೆಯ ಅನ್ವಿತಾ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ, ಬುದ್ಧಿ ಬಲು ಚುರುಕು. ದೂರಶಿಕ್ಷಣದಲ್ಲಿ ಅರ್ಥಶಾಸ್ತ್ರದ ಎಂ.ಎ. ಸೇರಿದ್ದಳು. ಟೈಪು ಮಾಡಿದ ಅಕ್ಷರವಾದರೆ ಅವಳ ಫೋನೇ ಓದಿ ಹೇಳುತ್ತದೆ. ಆದರೆ ಗೌರೀಶಂಕರ ಸರ್ ಕಳಿಸುವ ನೋಟ್ಸೆಲ್ಲ ಕಾಗದದ ಫೋಟೋ. ಫೋನು ಪುಟಪುಟಕ್ಕೂ “ಚಿತ್ರ, ಚಿತ್ರ” ಎಂದು ಸುಮ್ಮನಾಗುತ್ತಿತ್ತು. ಭಾನುವಾರದ ಆನ್‌ಲೈನ್ ಕ್ಲಾಸಿನಲ್ಲೂ ಸರ್ ಅವರದು ಅದೇ ರಾಗ: “ಇಲ್ಲಿ ನೋಡಿ, ಇದು ಹೀಗೆ ಹೋಗ್ತದೆ, ಅದು ಹಾಗೆ ಬರ್ತದೆ.” ಯಾವುದು? ಹೇಗೆ? ಕೇಳಲು ಅನ್ವಿತಾಗೆ ನಾಚಿಕೆ.

“ಹರಿಣಕ್ಕ, ಇವತ್ತೂ ಅರ್ಥ ಆಗದಿದ್ರೆ ನಾನು ಎಂ.ಎ. ಬಿಟ್ಟೆ,” ಎಂದಳು ಒಂದು ಭಾನುವಾರ ಬೆಳಿಗ್ಗೆ.

“ಬಿಡುವುದು ಎಂತ ಬಿಡುವುದು? ನಾನಿಲ್ವಾ? ನೋಡಿ ಹೇಳ್ತೇನೆ, ಕೇಳು,” ಎಂದು ಹರಿಣಕ್ಕ ಬೀಡಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ಫೋನಿನ ಮುಂದೆ ಕೂತಳು.

ಕ್ಲಾಸು ಶುರುವಾಯಿತು. ಹೊಗೆಸೊಪ್ಪಿನ ಹುಡಿ ಫೋನಿನ ಮೇಲೆ ಬಿತ್ತು. ಹರಿಣಕ್ಕ ಸೆರಗಿನಿಂದ ಚೆನ್ನಾಗಿ ಒರೆಸಿದಳು. ಹುಡಿ ಹೋಯಿತು, ಅದರ ಜೊತೆ ಮ್ಯೂಟೂ ಹೋಯಿತು. ಇಬ್ಬರಿಗೂ ಗೊತ್ತಾಗಲಿಲ್ಲ. ಸರ್ ಬೇಡಿಕೆ, ಪೂರೈಕೆಯ ಚಿತ್ರ ತೋರಿಸಿ “ಇಲ್ಲಿ ನೋಡಿ” ಎಂದದ್ದೇ ತಡ, ಹರಿಣಕ್ಕ ತನ್ನ ಲೆಕ್ಕದಲ್ಲಿ ಪಿಸುಗುಟ್ಟತೊಡಗಿದಳು.

“ಎರಡು ಗೆರೆ ಉಂಟು ಮಗಾ. ಒಂದು ಮೇಲಿಂದ ಕೆಳಗೆ ಜಾರ್ತದೆ, ಇನ್ನೊಂದು ಕೆಳಗಿಂದ ಮೇಲೆ ಹತ್ತುತ್ತದೆ. ನಡುವಲ್ಲಿ ಒಂದಕ್ಕೊಂದು ಅಡ್ಡ, ಅಲ್ಲಿ ‘ಬೆಲೆ’ ಅಂತ ಬರೆದಿದ್ದಾರೆ. ಇಷ್ಟು ಬಾಯಿ ಬಿಟ್ಟು ಹೇಳಿದ್ರೆ ಈ ಸರ್‌ನ ಗಂಟೇನು ಹೋಗ್ತದಾ? ಇಕೊ, ನನ್ನ ಬೀಡಿ ಎಲೆ ಕತ್ತರಿ ಹಿಡಿ. ಬಾಯಿ ಅಗಲಿಸು. ನಡುವಲ್ಲಿ ಸ್ಕ್ರೂ ಉಂಟಲ್ಲ, ಅಲ್ಲಿಯೇ ಬೆಲೆ!”

ಅನ್ವಿತಾಳ ಬೆರಳು ಅಲಗಿನ ಮೇಲೆ ಜಾರಿ, ಹತ್ತಿ, ಸ್ಕ್ರೂವಿನ ಮೇಲೆ ನಿಂತಿತು. “ಸಿಕ್ಕಿತು ಹರಿಣಕ್ಕ!” ಎಂದು ಕಿರುಚಿದಳು.

ಇಬ್ಬರ ಮಾತೂ ಇಡೀ ಕ್ಲಾಸಿಗೆ ಕೇಳಿಸಿತ್ತು. “ಯಾರದು ಮಾತಾಡಿದ್ದು?” ಎಂದರು ಸರ್.

ಅನ್ವಿತಾಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹರಿಣಕ್ಕ ಮೊರದ ಬೀಡಿಗಳನ್ನು ಮತ್ತೆ ಎಣಿಸತೊಡಗಿದಳು.

ಅಷ್ಟರಲ್ಲಿ ಬೇರೊಂದು ಸ್ವರ ಕೇಳಿತು. “ಸರ್, ನಾನು ಜಯಂತ್, ಬಾಯಾರು ಊರಿನವ. ನಂಗೂ ಕಣ್ಣು ಕಾಣುದಿಲ್ಲ. ಕ್ಲಾಸಿಗೆ ಸೇರಿದ ಮೇಲೆ ಒಂದು ಚಿತ್ರ ಅಂತ ಅರ್ಥ ಆದದ್ದು ಇವತ್ತೇ. ಆ ಅಕ್ಕ ಇನ್ನೊಮ್ಮೆ ಹೇಳ್ಲಿ.”

“ನಂಗೂ ಬೇಕು ಸರ್, ನಂಗೆ ಮಂಜು ಮಂಜು ಕಾಣುದು,” ಎಂದಳು ಗೌತಮಿ ಎಂಬವಳು. ಇಷ್ಟು ದಿನ ಮೂವರೂ ಒಬ್ಬರನ್ನೊಬ್ಬರು ಅರಿಯದೆ, ನಾಚಿಕೊಂಡು ಸುಮ್ಮನಿದ್ದರಂತೆ!

“ಹೇಳಿ ಅಕ್ಕಾ,” ಎಂದರು ಸರ್, ಸಣ್ಣ ಸ್ವರದಲ್ಲಿ.

ಹೇಳೆಂದರೆ ಬಿಡುವವಳೇ? ಹರಿಣಕ್ಕ ಎಲ್ಲರೂ ಕತ್ತರಿ ಹಿಡಿಯಬೇಕೆಂದು ಅಪ್ಪಣೆ ಕೊಟ್ಟಳು. ಕ್ಲಾಸಿನ ಅರವತ್ತು ಮಂದಿಯ ಮನೆಗಳಲ್ಲೂ ಹುಡುಕಾಟ. ಕಣ್ಣು ಚೆನ್ನಾಗಿ ಕಾಣುವವರಿಗೇ ಕತ್ತರಿ ಸಿಗಲಿಲ್ಲ! ಒಬ್ಬ ಅಡಕತ್ತರಿ ತಂದ. ನಡೆಯುತ್ತದೆ ಎಂದಳು ಹರಿಣಕ್ಕ. ಇನ್ನೊಬ್ಬಳ ಅಮ್ಮ “ಕ್ಲಾಸಿಗೆ ಎಂತಕ್ಕೆ ಕತ್ತರಿ ಮಾರಾಯ್ತಿ?” ಎಂದು ಬೈದದ್ದು ಎಲ್ಲರಿಗೂ ಕೇಳಿತು. ಅನ್ವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನ ಭರದಲ್ಲೇ ಬಾಯಿ ತೆರೆದಳು.

“ಸರ್, ನಾನು ಅನ್ವಿತಾ. ಬೇಡಿಕೆ ಹೆಚ್ಚಾದ್ರೆ ಅದರ ಗೆರೆ ಇಡೀ ಸರಿಯುತ್ತದೆ ಅಂತೀರಲ್ಲ, ಆಗ ಬೆಲೆ ಎಲ್ಲಿಗೆ ಹೋಗ್ತದೆ? ಕೈಯಲ್ಲಿ ತೋರಿಸುವ ಹಾಗೆ ಹೇಳ್ತೀರಾ?”

ಅವಳು ಕ್ಲಾಸಿನಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಹರಿಣಕ್ಕನ ಕಣ್ಣು ತುಂಬಿತು.

“ಒಳ್ಳೆ ಪ್ರಶ್ನೆ,” ಎಂದರು ಸರ್. “ಒಂದು ನಿಮಿಷ ಇರಿ ಅನ್ವಿತಾ, ನಾನೂ ಕತ್ತರಿ ತರ್ತೇನೆ.”

ಕುರ್ಚಿ ಎಳೆದ ಸದ್ದು ಕೇಳಿತು. ಅವಳ ಪ್ರಶ್ನೆಯ ಉತ್ತರಕ್ಕೆ ಇಡೀ ಕ್ಲಾಸು ಕಾದು ಕೂತಿತು.