ಗಂಡನ ಸಹಿ ಬೇಡದ ಫಾರಂ

ಮೊಬೈಲು ಆಗಷ್ಟೇ ಕೈಗೆ ಬರುತ್ತಿದ್ದ ಕಾಲ. ನಾನು ಕಾರವಾರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅವರ್ಸಾ ಎಂಬ ಊರಿನಿಂದ ನಾಗವೇಣಿ ಎಂಬಾಕೆ ಅತ್ತೆಯ ಜೊತೆ ಬಂದಿದ್ದಳು. ಮಡಿಲಲ್ಲಿ ಏಳು ತಿಂಗಳ ಕೂಸು, ಆಗಲೇ ಮತ್ತೆ ಎರಡು ತಿಂಗಳ ಬಸಿರು. ತೆಗೆಸಲು ಡಾಕ್ಟರು ಒಪ್ಪಿದ್ದರೂ ಒಪ್ಪಿಗೆಯ ಫಾರಂ ಹಿಡಿದು ಅಳುತ್ತ ಕೂತಿದ್ದಳು.

"ಗಂಡ ಗೋವಾದಲ್ಲಿದ್ದಾರೆ. ಅವರ ಸಹಿ ಬೇಕಲ್ಲ, ಸಿಸ್ಟರ್?"

"ಬೇಡ. ಕಾಯ್ದೆ ಪ್ರಕಾರ ನಿಮ್ಮದೊಂದೇ ಸಾಕು," ಎಂದೆ.

ಅತ್ತೆ ಸರಕ್ಕನೆ ನನ್ನತ್ತ ತಿರುಗಿದರು. ಜಗಳಕ್ಕೇ ಬಂದರು ಅಂದುಕೊಂಡೆ.

"ಹೌದಾ? ಯಾವಾಗಿಂದ?"

"ಬಹಳ ವರ್ಷ ಆಯ್ತು, ಅಮ್ಮಾ."

ಅವರು ಬೆಂಚಿನ ಮೇಲೆ ಕೂತರು. "ನನ್ನ ತಂಗಿ ಗಂಡನಿಗೆ ಹೆದ್ರಿ, ಯಾರಿಗೂ ಹೇಳದೆ ಬಸಿರು ಇಳಿಸೋಕೆ ಬೇರಿನ ಕಷಾಯ ಕುಡ್ದು ಸತ್ತಳು. ಆಗ್ಲೂ ಇತ್ತಾ ಈ ಕಾಯ್ದೆ?"

ನಾನು ಫಾರಂನಲ್ಲಿ ನಾಗವೇಣಿ ಸಹಿ ಹಾಕಬೇಕಾದ ಜಾಗ ತೋರಿಸಿದೆ. ಅತ್ತೆ ಕೂಸನ್ನು ಎತ್ತಿಕೊಂಡು, "ಸಹಿ ಬರಿ ಮಗಾ, ನಿನ್ನ ಸಂಗ್ತಿಗೆ ನಾ ಇದ್ದೇನೆ," ಎಂದು ಸೊಸೆಯ ತಲೆ ಸವರಿದರು. ಎಲ್ಲ ಸುಸೂತ್ರವಾಗಿ ಮುಗಿಯಿತು. ಸಂಜೆ ಅವರೇ ಅವಳಿಗೆ ಗಂಜಿ ಕುಡಿಸಿದರು.

ಆಮೇಲೆ ಅವರ್ಸಾದ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಸೊಸೆಯ ಸುದ್ದಿ ಎತ್ತದೆ, ಬರೀ ತಂಗಿಯ ಕಥೆ ಹೇಳಿ ಆ ಅತ್ತೆಯೇ ಕಳಿಸುತ್ತಿದ್ದರಂತೆ. ಇದೇ ಕಾಯ್ದೆ ಬಗ್ಗೆ ನಾವು ಗೋಡೆಗೆ ಅಂಟಿಸಿದ ಪೋಸ್ಟರ್ ಓದಿ ಬಂದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.