ನಮ್ಮತ್ತೆಯ ಫಿನಾಯಿಲ್ ನೀರು

ನಮ್ಮತ್ತೆ ಭೀಮವ್ವ ಒಳ್ಳೆಯವಳು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸತ್ತವರನ್ನೆಲ್ಲ ಒಳ್ಳೆಯವರನ್ನಾಗಿ ಮಾಡುವುದು ಜನರಿಗೊಂದು ಚಟ. ಅವಳ ಬಾಯಿಗೆ ಸಿಕ್ಕವರಿಗೆ ಅವತ್ತಿನ ಅನ್ನ ಸೇರುತ್ತಿರಲಿಲ್ಲ. ಅವಳು ನನ್ನ ಅಪ್ಪ ಕೆಂಚಪ್ಪನ ಸ್ವಂತ ಅಕ್ಕ. ಹರಿಹರದ ಹೊಳೆದಂಡೆಯ ಮನೆಯಲ್ಲಿ ಹುಟ್ಟಿ ನಿಟ್ಟುವಳ್ಳಿಗೆ ಸೊಸೆಯಾಗಿ ಬಂದು, ಗಂಡ ಸತ್ತ ಮೇಲೆ ಹಂದಿ ಸಾಕಿಯೇ ಮಗನನ್ನು ಬೆಳೆಸಿದಳು. ಅವನು ಹತ್ತಿ ಗಿರಣಿ ಸೇರಿದ ವರ್ಷ ಅದೇ ಹರಿಹರದ ಮನೆಯಿಂದ ನನ್ನನ್ನು ತಂದಳು. ಹಾಗಾಗಿ ಅವಳ ತವರೂ ನನ್ನ ತವರೂ ಒಂದೇ. ಸೋದರತ್ತೆಯೇ ಅತ್ತೆಯಾದರೆ ಸುಖ ಎನ್ನುವವರು ನಮ್ಮತ್ತೆಯನ್ನು ನೋಡಿದವರಲ್ಲ.

ಆಗಿನ್ನೂ ನಿಟ್ಟುವಳ್ಳಿ ಅರ್ಧ ಹಳ್ಳಿ, ಅರ್ಧ ದಾವಣಗೆರೆ. ಎಲ್ಲರ ಹಿತ್ತಿಲ ಹೊಲಸನ್ನೂ ನಮ್ಮ ಹಂದಿಗಳೇ ತಿಂದು ಚೊಕ್ಕಟ ಮಾಡುತ್ತಿದ್ದವು, ಆಮೇಲೆ ಆ ಜನರೇ ಅವಕ್ಕೆ ಕಲ್ಲು ಹೊಡೆಯುತ್ತಿದ್ದರು. ಕಿರಾಣಿ ಅಂಗಡಿಯ ತೋಟಪ್ಪ ನಾವು ಇಟ್ಟ ಚಿಲ್ಲರೆಗೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದ. ಹೋಟೆಲಿನ ಮುಂದೆ ನಿಂತರೆ, "ಕಾಲು ತೊಳ್ಕಂಡು ಬಂದೀರೇನು?" ಎಂಬ ಮಾತು ಚಹಾಕ್ಕಿಂತ ಮೊದಲು ಬರುತ್ತಿತ್ತು. ಮನೆಗೆ ಬಂದ ನೆಂಟರಿಗೆ ಕಾಲಿಗೆ ನೀರು ಕೊಡುವುದು ಮರ್ಯಾದೆ. ತೊಳೆದುಕೊಂಡು ಬಾ ಎಂದು ಬಾಗಿಲಲ್ಲಿ ನಿಲ್ಲಿಸುವುದು ಬೈಗುಳ. ಈ ವ್ಯತ್ಯಾಸ ನಮ್ಮ ಮಂದಿಯಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿದಿರಲಿಕ್ಕಿಲ್ಲ.

ಇಂಥ ಕೇರಿಗೆ ದನದ ಆಸ್ಪತ್ರೆಯ ಹಿದಾಯತ್ ಬಂದ. ಆಸ್ಪತ್ರೆಯವರೆಲ್ಲ ಎಮ್ಮೆ, ಆಕಳು, ಕುರಿ ಎಂದು ಹಂಚಿಕೊಂಡು ಹಂದಿಯನ್ನು ಅವನ ತಲೆಗೆ ಕಟ್ಟಿದ್ದರು. ಸಾಬರವನಿಗೇ ಹಂದಿ ಕೊಟ್ಟರೆ ನೋಡಿ ನಗಬಹುದು ಎಂಬ ಕೊಬ್ಬು, ಬೇರೇನಲ್ಲ. ಅವನು ಹಲ್ಲು ಕಚ್ಚಿಕೊಂಡು ಬರುತ್ತಿದ್ದ, ಮುಖ ತಿರುಗಿಸಿಕೊಂಡೇ ಸೂಜಿ ಚುಚ್ಚುತ್ತಿದ್ದ. ಹೊರಗೆ ಬಂದವನೇ ಸೈಕಲ್ಲಿಗೆ ಕಟ್ಟಿದ ಬಾಟಲಿ ತೆಗೆದು ನಮ್ಮ ಬಾಗಿಲಲ್ಲೇ ಮೊಣಕಾಲು ಮೊಣಕೈವರೆಗೆ ಫಿನಾಯಿಲ್ ನೀರಲ್ಲಿ ತಿಕ್ಕಿಕೊಳ್ಳುತ್ತಿದ್ದ. ಪ್ರತಿ ಮನೆಯ ಮುಂದೆಯೂ ಇದೇ ಆಟ.

ನಮ್ಮತ್ತೆ ಸುಮ್ಮನಿರುವ ಪೈಕಿಯೇ? "ಏನಲೇ, ನಮ್ಮ ಬಾಗಿಲಾಗೇ ಮೈಲಿಗಿ ತೊಳಕಂತಿಯಾ? ನಿನ್ನ ಮಕಕ್ಕಿಷ್ಟು ಬೆಂಕಿ ಹಾಕ."

"ತೊಳಕಳ್ದೆ ಹೋದ್ರೆ ನಮ್ಮಮ್ಮ ಹಜೀರಾಬೀ ಒಳಗ ಬಿಟ್ಕಳಲ್ಲ. ನಾನೇನು ನಿನ್ನ ಹಂದಿ ಮ್ಯಾಲೆ ಪ್ರೀತಿ ಉಕ್ಕಿ ಬಂದೀನೇನು?"

ಮುಂದಿನ ಸಲ ಅವನು ಬರುವ ಹೊತ್ತಿಗೆ ನಮ್ಮತ್ತೆ ತಾನೇ ಫಿನಾಯಿಲ್ ತರಿಸಿ ಬಕೆಟ್ಟಿನಲ್ಲಿ ಕಲಸಿ ಬಾಗಿಲಿಗೆ ಅಡ್ಡ ಇಟ್ಟಿದ್ದಳು. "ಹೋಗೋವಾಗ ಅಲ್ಲ, ಬರೋವಾಗ ತೊಳ್ಕ. ಊರ ಹೊಲಸೆಲ್ಲ ತುಳ್ಕಂಡು ನನ್ನ ಬಾಣಂತಿ ಹತ್ರ ಬರಬ್ಯಾಡ. ನನ್ನ ಹಂದಿಗೂ ಮಡಿ ಐತೆ."

ಹಿದಾಯತ್ ಕೆಂಡದಂಥ ಕಣ್ಣು ಬಿಟ್ಟ. ಕೆಲಸ ಮುಗಿಸದೆ ಹೋದರೆ ಆಸ್ಪತ್ರೆಯಲ್ಲಿ ಬೈಗುಳ ಕಾದಿತ್ತು. ತೊಳೆದುಕೊಂಡೇ ಒಳಗೆ ಬಂದ, ಹೋಗುವಾಗ ಇನ್ನೊಮ್ಮೆ ತೊಳೆದುಕೊಂಡ. ಹೀಗೆ ಹಟಕ್ಕೆ ಬಿದ್ದು ಶುರುವಾದದ್ದು ನಮ್ಮ ಹಟ್ಟಿಯ ಕಾಯಿದೆಯೇ ಆಯಿತು. ಖಾನಾವಳಿ ಮುಸುರೆ ತರುವವನಾಗಲಿ, ಹಂದಿ ಕೊಳ್ಳುವವನಾಗಲಿ ಬಕೆಟ್ಟು ದಾಟದೆ ಒಳಗಿಲ್ಲ. ಈದ ಹಂದಿಯನ್ನು ಅವಳು ಬಾಣಂತಿ ಎಂದೇ ಕರೆಯುತ್ತಿದ್ದಳು, ಹಿಂದಿನ ಕೋಣೆಯಲ್ಲಿ ಬೇರೆಯಾಗಿ ಇಡುತ್ತಿದ್ದಳು. ಹಿದಾಯತ್ ಮೊದಲು ಬಾಣಂತಿಯನ್ನು ನೋಡಬೇಕು, ಆಮೇಲೆ ಹಾಲು ಬಿಟ್ಟ ಮರಿಗಳನ್ನು, ಊರೆಲ್ಲ ತಿರುಗಿ ಬರುವ ದೊಡ್ಡ ಹಂದಿಗಳನ್ನು ಕಡೆಗೆ. ಸಾವಿನ ಮನೆಯಿಂದ ಬಂದವರು ಬಾಣಂತಿ ಕೋಣೆಗೆ ಹೋಗುತ್ತಾರೆಯೇ ಎಂದು ಅವಳ ವಾದ.

ಒಂದು ದಿನ ಹಿದಾಯತ್ ಕಹಿ ಮುಖದಲ್ಲೇ ಒಪ್ಪಿಕೊಂಡ. "ನೀನು ಸಿಟ್ಟಿಗೆ ಮಾಡಿದ್ದಾದ್ರೂ ಸರಿಯಾಗೇ ಐತೆ. ಹಂದಿ ಜ್ವರ ಕಾಲಿಗೆ ಅಂಟ್ಕಂಡು ಬರ್ತೈತೆ. ಮುಸುರ್ಯಾಗೂ ಬರ್ತೈತೆ, ಮಾಂಸದಾಗೂ ಬರ್ತೈತೆ ಅಂತ ಡಾಕ್ಟ್ರು ಹೇಳ್ತಾರೆ."

"ನಿನ್ನತ್ರ ಕಲಿಯೋ ಗತಿ ನನಗಿನ್ನೂ ಬಂದಿಲ್ಲ, ಹೋಗಲೇ," ಎಂದಳು.

ಅವಳ ಕಾಯಿದೆಯಲ್ಲಿ ಒಂದೇ ಒಂದು ತೂತಿತ್ತು. ಬಂಧು ಬಳಗಕ್ಕೆ ಬಕೆಟ್ಟಿಲ್ಲ. ಊರು ನಮಗೆ ಅನ್ನುವ ಮಾತನ್ನು ನಾವೇ ನಮ್ಮವರಿಗೆ ಅಂದರೆ ಹೇಗೆ?

ಎಂಬತ್ತೊಂದರ ಬೇಸಿಗೆಯಲ್ಲಿ ಹಂದಿ ಜ್ವರ ತಡೆಯುವ ಸೂಜಿ ಮದ್ದು ಬೆಂಗಳೂರಿನಿಂದ ಬರಲೇ ಇಲ್ಲ. ಹರಿಹರದಲ್ಲಿ ಜ್ವರ ಬಿತ್ತು ಎಂಬ ಸುದ್ದಿ ಬಂತು. ಅದರ ಹಿಂದೆಯೇ ನನ್ನ ಅಪ್ಪ ಬಂದ, ಕೈಯಲ್ಲಿ ಮಾಂಸದ ಗಂಟು. ಹಂದಿ ಮೇವು ಬಿಟ್ಟಿತೆಂದರೆ ಅದು ಸಾಯುವ ಮೊದಲೇ ಕಡಿದು ಬಳಗಕ್ಕೆಲ್ಲ ಪಾಲು ಹಾಕುವುದು ನಮ್ಮ ಮಂದಿಯ ರೂಢಿ. ಅಕ್ಕನಿಗೆ ತವರಿನ ಪಾಲು ಕೊಡದೆ ಅಪ್ಪನ ಬಾಯಿಗೆ ತುತ್ತು ಇಳಿಯುತ್ತಿರಲಿಲ್ಲ. ಬಂದವನು ಗಂಟನ್ನು ನನ್ನ ಕೈಗೆ ಕೊಟ್ಟು, ಅಭ್ಯಾಸದಂತೆ ಸೀದಾ ದೊಡ್ಡ ಹಂದಿಗಳ ನಡುವೆ ಹೋಗಿ ಅವುಗಳ ಬೆನ್ನು ಕೆರೆಯತೊಡಗಿದ.

ಅತ್ತೆಯನ್ನು ಕೆಣಕಲಿಕ್ಕೆಂದೇ, "ಅಪ್ಪಗೂ ಬಕೆಟ್ಟು ತರ್ಲೇನತ್ತಿ?" ಎಂದೆ.

"ನಾಲಿಗಿ ಸೀಳ್ತೀನಿ ನೋಡು. ನನ್ನ ತಮ್ಮಗೆ ಸಂಡಾಸಿನ ನೀರು ಹಾಕ್ತಿಯೇನೇ?"

ಅವಳ ತಮ್ಮ ನನಗೆ ಅಪ್ಪ ಎಂಬುದೇ ಅವಳಿಗೆ ಮರೆತಿತ್ತು. ಆ ಮಾಂಸ ತೊಳೆದ ನೀರನ್ನೂ ದೊಡ್ಡ ಹಂದಿಗಳ ಮುಸುರೆ ಬಾನಿಗೇ ಸುರಿದಳು. ಅಷ್ಟು ಹುಷಾರಿ ಹೆಂಗಸು, ಕಣ್ಣಿದ್ದೂ ಕುರುಡಿಯಾದಳು. ಇವತ್ತಿಗೂ ನೆನೆದರೆ ನನಗೆ ಸಿಟ್ಟು ಇಳಿಯುವುದಿಲ್ಲ.

ವಾರ ಕಳೆಯುವುದರೊಳಗೆ ದೊಡ್ಡ ಹಂದಿಗಳು ಒಂದರ ಮೇಲೊಂದು ಬಿದ್ದುಕೊಂಡು ನಡುಗತೊಡಗಿದವು. ಕಿವಿ, ಹೊಟ್ಟೆಯೆಲ್ಲ ನೇರಳೆ ಬಣ್ಣ. ಎಬ್ಬಿಸಿದರೆ ಹಿಂಗಾಲು ತೂರಾಡುತ್ತಿತ್ತು. ಹಿದಾಯತ್ ಬಂದು ನೋಡಿದ.

"ಯಾರ್ ಬಂದಿದ್ರು?"

"ನನ್ನ ತಮ್ಮ."

"ಕಾಲು ತೊಳ್ಕಂಡಿದ್ನಾ?"

ನಮ್ಮತ್ತೆ ಬಾಗಿಲಲ್ಲಿದ್ದ ಬಕೆಟ್ಟಿನ ಕಡೆ ನೋಡಿದಳು.

ಹಿದಾಯತ್ ಕೂಗಾಡಿದ. "ಇವು ಹೋದ್ವು ಅಂತ ತಿಳ್ಕ. ಹಿಂದಿನ ಕ್ವಾಣ್ಯಾಗಿರೋ ಬಾಣಂತಿ, ಮರಿ ಇನ್ನೂ ನೆಟ್ಟಗ ಅದಾವು. ಇವನ್ನ ಮುಟ್ಟಿದೋರು ಅತ್ಲಾಗೆ ಕಾಲಿಡಬ್ಯಾಡ್ರಿ. ಬಕೆಟ್ಟು, ಪೊರಕಿ, ಮನಷಾ ಎಲ್ಲ ಬ್ಯಾರೆ. ನಾನೂ ಹೋಗಲ್ಲ. ಮದ್ದು ಬರೋತನ ಆ ಬಾಗಲು ತೆಗೀಬ್ಯಾಡ್ರಿ."

ಆ ಬಾಣಂತಿ ಹೋದರೆ ಹಟ್ಟಿಯಲ್ಲಿ ಬೀಜಕ್ಕೂ ಒಂದು ಹಂದಿ ಉಳಿಯುತ್ತಿರಲಿಲ್ಲ. ಹತ್ತಿ ಗಿರಣಿ ಇವತ್ತು ನಡೆದರೆ ನಾಳೆ ಬಾಗಿಲು ಹಾಕುತ್ತಿದ್ದ ಕಾಲ, ನಮ್ಮ ಒಲೆ ಉರಿಯುತ್ತಿದ್ದದ್ದು ಹಂದಿಯಿಂದಲೇ. ಕಾಯಿಲೆ ಹಂದಿಗಳನ್ನು ಅಷ್ಟೂ ದಿನ ಒಬ್ಬಳೇ ನೋಡಿಕೊಂಡಿದ್ದ ಅತ್ತೆ ಈ ಕಡೆ ನಿಂತಳು. ನಾನು ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಹಿಂದಿನ ಕೋಣೆ ಸೇರಿದೆ. ನನ್ನ ಗಂಡನನ್ನು ಅತ್ತೆ ಗಿರಣಿ ಗೆಳೆಯನ ಮನೆಗೆ ಅಟ್ಟಿದಳು. ಮಾಂಸ ತಾಗದ ಹೊಸ ಮೇವನ್ನು ಪಕ್ಕದ ಮನೆಯ ನಾಗಕ್ಕ ಹಿತ್ತಿಲ ಗೋಡೆಯ ಮೇಲಿಂದ ಇಳಿಸುತ್ತಿದ್ದಳು. ಹಗಲು ರಾತ್ರಿ ನಾನು, ಆ ಹಂದಿ, ಅದರ ಮರಿಗಳು. ಅತ್ತೆಯ ಕಡೆ ಸೊಸೆ ಸುಳಿಯಬಾರದು, ಸೊಸೆಯ ಕಡೆ ಅತ್ತೆ ಸುಳಿಯಬಾರದು ಎಂಬುದು ನಮ್ಮಿಬ್ಬರಿಗೆ ಕಷ್ಟದ ಕಾನೂನೇನೂ ಆಗಿರಲಿಲ್ಲ. ಅಂಗಳದ ಆಚೆಯಿಂದಲೇ ಜಗಳ ಮಾಡುತ್ತಿದ್ದೆವು.

ದೊಡ್ಡ ಹಂದಿಗಳು ಸತ್ತು, ಸುಣ್ಣ ಹಾಕಿ ಹೂತದ್ದಾಗಿತ್ತು. ಹಾಲು ಬಿಟ್ಟ ಮರಿಗಳೂ ಹೋದವು. ಆಗ ಅಪ್ಪ ಮತ್ತೆ ಬಂದ. ಅವನ ಹಟ್ಟಿಯೂ ಬರಿದಾಗಿತ್ತು. ನನ್ನ ಬಾಗಿಲ ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು, ಅತ್ತೆ ಮುಂಬಾಗಿಲಲ್ಲಿ ಅವನ ಕೈ ಹಿಡಿದು ಅಳುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಅವನು ಎದ್ದು, ಮಗಳನ್ನು ನೋಡಬೇಕೆಂದು ಅಂಗಳ ದಾಟಿ ಬಂದು ನನ್ನ ಬಾಗಿಲು ತಳ್ಳಿದ. ಅತ್ತೆ ಹಿಂದೆಯೇ ಓಡಿಬಂದು ಅಂಗಳದ ನಡುವೆ ನಿಂತಳು. ತಮ್ಮನ ಮುಂದೆ ಅವಳ ನಾಲಿಗೆ ಸತ್ತುಹೋಗಿತ್ತು.

ನಾನು ಒಳಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಒಳಗ ಬರಬ್ಯಾಡಪ್ಪ. ಅಲ್ಲಿ ಫಿನಾಯಿಲ್ ನೀರೈತೆ, ಮೊದ್ಲು ತೊಳ್ಕ. ತೊಳ್ಕಂಡ್ರೂ ಹೊರಗೇ ನಿಂತು ಮಾತಾಡು."

ಹೊರಗಿನಿಂದ ಅಪ್ಪನ ದನಿ ಬಂತು. "ತೋಟಪ್ಪನ ಅಂಗಡಿ ಆತೇನವ್ವ ನಿನ್ನ ಮನಿ? ಹಡದ ಅಪ್ಪ ಹಂದಿಗಿಂತ ಕಡಿ ಆದ್ನಾ?"

"ಹಂದಿ ಸತ್ರೆ ನನಗ ಅನ್ನ ಯಾರು ಹಾಕ್ತಾರೆ? ನೀನು ಹಾಕ್ತಿಯಾ? ಇಷ್ಟೂ ಹಂದಿ ನಿನ್ನ ಕಾಲಿನ ದೆಸೆಯಿಂದ್ಲೇ ಹೋದ್ವು," ಎಂದೆ. ಎಂದದ್ದಕ್ಕೆ ಆಗಲೂ ನಾಚಿಕೆ ಪಡಲಿಲ್ಲ, ಈಗಲೂ ಪಡುವುದಿಲ್ಲ. ನಿಜವನ್ನೇ ಹೇಳಿದ್ದೆ.

ಅಪ್ಪ ಬಕೆಟ್ಟನ್ನು ಒದ್ದು ಹೋದ. ಮತ್ತೆಂದೂ ನಿಟ್ಟುವಳ್ಳಿಗೆ ಕಾಲಿಡಲಿಲ್ಲ, ನನ್ನ ಮಗನ ನಾಮಕರಣಕ್ಕೂ ಬರಲಿಲ್ಲ. ಬಾಣಂತಿ ಉಳಿಯಿತು, ಮರಿಗಳೂ ಉಳಿದವು. ಮದ್ದು ಬಂದ ದಿನ ಹಿದಾಯತನಿಂದ ಚುಚ್ಚಿಸಿಕೊಂಡ ಅವುಗಳ ಸಂತಾನವೇ ಆಮೇಲೆ ನಮ್ಮ ಹಟ್ಟಿ ತುಂಬಿತು. ಹಂದಿ ಉಳಿಸಿಕೊಂಡಳೆಂದು ಭೀಮವ್ವನನ್ನು ಕೇರಿಯವರು ಈಗಲೂ ಹೊಗಳುತ್ತಾರೆ. ಅಪ್ಪ ಹೋದ ಆ ಸಂಜೆ ನಮ್ಮ ಅಂಗಳದಲ್ಲಿ ನಡೆದದ್ದು ಮಾತ್ರ ಅವರಿಗೆ ಗೊತ್ತಿಲ್ಲ.

ನಾನು ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಚೆಲ್ಲಿದ ಫಿನಾಯಿಲಿನ ಪಕ್ಕ ಕೂತಿದ್ದಳು. ಈಗ ಬೈಗುಳದ ಮಳೆ ಸುರಿಯುತ್ತದೆಂದು ನಾನೂ ಮಾತು ಜೋಡಿಸಿಕೊಂಡು ಕಾದೆ.

"ಆ ಮಾತು ನಾ ಅನ್ನಬೇಕಿತ್ತಲ್ಲೇ ಹುಚ್ಚಿ," ಎಂದಳು. "ನೀ ಯಾಕ ಅಂದಿ? ನಾ ಅಂದಿದ್ರೆ ನನ್ನ ತವರು ಒಂದೇ ಹೋಗ್ತಿತ್ತು. ನಿನ್ನದಾರ ಉಳೀತಿತ್ತು."

ಅವಳು ಅಂಗಳದಲ್ಲಿ ಕೂತು ಅತ್ತಳು, ನಾನು ಬಾಗಿಲ ಈಚೆ ಕೂತು ಅತ್ತೆ. ಅವಳ ಕೈ ಮೈಯೆಲ್ಲ ಸತ್ತ ಹಂದಿಗಳನ್ನು ಮುಟ್ಟಿದ್ದು. ಹೊರಗೆ ಹೋಗಿ ಅವಳನ್ನು ಮುಟ್ಟುವಂತಿರಲಿಲ್ಲ.