ಗೆಟ್ ಎಂಬ ಪದದ ಹದಿನಾಲ್ಕು ಅರ್ಥ

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಈಗ ಪಿಂಚಣಿ ತೆಗೆದುಕೊಂಡು ಆರಾಮಾಗಿ ಕೂತಿದ್ದೇನೆ, ಹೇಳಲು ಯಾರಪ್ಪನ ಭಯ? ಆದರೆ ಎಂಬತ್ತರ ದಶಕದಲ್ಲಿ, ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುವ ಅಕ್ಕೋರಾಗಿದ್ದಾಗ, ಈ ಮಾತು ಯಾರಿಗಾದರೂ ತಿಳಿದೀತೆಂಬ ಹೆದರಿಕೆಯಲ್ಲೇ ನನಗೆ ದಿನ ಬೆಳಗಾಗುತ್ತಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪ ಇರಲಿಲ್ಲ. ಬಾಡಿಗೆ ಖೋಲಿಯಲ್ಲಿ ನಾನು, ಅವ್ವ ಇಬ್ಬರೇ. ಶಾಲೆಯ ಮುಂದೆ ಜೀಪು ನಿಂತ ಸಪ್ಪಳವಾದರೆ ಸಾಕು, ಇನ್‌ಸ್ಪೆಕ್ಟರ್ ಸಾಹೇಬರೇ ಬಂದರೆಂದು ಪಾಠ ನಿಲ್ಲಿಸಿ ಕಿಟಕಿಗೆ ಓಡುತ್ತಿದ್ದೆ.

ಹಾಗಾದರೆ ಪಾಸಾದದ್ದು ಹೇಗೆ? ಬಾಯಿಪಾಠದಿಂದ. ನಮ್ಮ ಗುರುಗಳು ಗೈಡ್ ಹಿಡಿದು ಕೂಡುತ್ತಿದ್ದರು, ನಾವು ಕೈಕಟ್ಟಿ ನಿಂತು ಒಂದೇ ಉಸಿರಿನಲ್ಲಿ ಒಪ್ಪಿಸಬೇಕು. ನಡುವೆ ಅವರು "ಊಹೂಂ" ಎಂದರೆ ತಪ್ಪಾಯಿತೆಂದು ಅರ್ಥ, ಮತ್ತೆ ಮೊದಲಿನಿಂದ ಶುರು. ನಾನೂ ಹಾಗೆಯೇ ಕಲಿಸುತ್ತಿದ್ದೆ. ಅದರಲ್ಲಿ ಒಂದು ಅನುಕೂಲವಿತ್ತು, ಮಕ್ಕಳು ಪ್ರಶ್ನೆ ಕೇಳುತ್ತಿರಲಿಲ್ಲ.

ಜೋಳದ ಸುಗ್ಗಿಯ ದಿನಗಳಲ್ಲಿ ಒಂದು ಸಂಜೆ, ಶಾಲೆ ಬಿಟ್ಟ ಮೇಲೆ, ನಮ್ಮ ಕಡೆಯ ಮಾತನ್ನು ಚೆನ್ನಾಗಿ ಕಲಿತಿದ್ದ ತಮಿಳು ಹೆಂಗಸೊಬ್ಬಳು ನಮ್ಮ ಖೋಲಿಗೆ ಬಂದಳು. ರೈಲು ಹಳಿಯ ಮೇಲೆ ದುಡಿಯುತ್ತಿದ್ದ ಅವಳ ಗಂಡ ಜ್ವರ ಬಂದು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಬದಲಿಗೆ ಅವಳಿಗೊಂದು ಆಫೀಸಿನ ನೌಕರಿ ಕೊಡುವ ಮಾತಿತ್ತು, ಆದರೆ ಹುಬ್ಬಳ್ಳಿಯಲ್ಲಿ ಸಾಹೇಬರ ಮುಂದೆ ಇಂಗ್ಲಿಷಿನಲ್ಲಿ ಓದಿ ಉತ್ತರ ಹೇಳಬೇಕಿತ್ತು. ಒಂದೇ ಅವಕಾಶ.

"ನಾಪಾಸಾದ್ರ ಕ್ವಾರ್ಟರ್ಸ್ ಬಿಡಬೇಕಾಗತೈತ್ರಿ ಅಕ್ಕೋರ. ಭಾವನ ಮನಿಗೆ ಹೋಗಬೇಕು. ಅಂವಾ ಚಲೋ ಮನಷ್ಯಾ ಅಲ್ರಿ," ಎಂದಳು. ಹಾಗೆನ್ನುವಾಗ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಹೆಚ್ಚಿಗೆ ಕೇಳುವ ಅಗತ್ಯ ಬೀಳಲಿಲ್ಲ.

ಆಗುವುದಿಲ್ಲ ಎನ್ನಬೇಕಿತ್ತು. ಹಾಗೆಂದರೆ ಯಾಕೆ ಎಂದು ಕೇಳಿಯಾಳಲ್ಲ! "ನಾಳಿಂದ ಬಾ," ಅಂದುಬಿಟ್ಟೆ. ಅವಳು ನನಗಿಂತ ದೊಡ್ಡವಳು. ಆದರೂ ಅವಳು ನನಗೆ "ರೀ" ಎನ್ನುತ್ತಿದ್ದಳು, ನಾನು "ನೀ" ಎನ್ನುತ್ತಿದ್ದೆ. ಕೈಯಲ್ಲಿದ್ದ ಸುಣ್ಣದ ಕಡ್ಡಿಯ ಮರ್ಯಾದೆ ಅದು.

ಅವಳನ್ನು ಕಾಡಿದ್ದು ಗೆಟ್ ಎಂಬ ಪದ. "ಇದೇನ್ರಿ ಅಕ್ಕೋರ, ಹೋದ ಹೋದಲ್ಲೆ ಬ್ಯಾರೆ ಬ್ಯಾರೆ ಆಗತೈತಿ?" ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಅದಕ್ಕೆ ಹದಿನಾಲ್ಕು ಅರ್ಥ ಬರೆದಿಟ್ಟಿದ್ದೆ. ನಾನು "ಸಿಗು" ಎಂದರೆ ಅವಳು "ಕಿಡೈ" ಎಂದು ತಮಿಳಿನಲ್ಲಿ ಬರೆದುಕೊಳ್ಳುವಳು. "ತಗೋ" ಎಂದರೆ "ವಾಂಗು". "ತಿಳಿ" ಎಂದರೆ "ಪುರಿ". ಸಿಟ್ಟಾಗು, ಮುಪ್ಪಾಗು ಎನ್ನುವಲ್ಲಿಯೂ ಗೆಟ್ ಬಂದಾಗ ಅವಳಿಗೆ ನಗೆ ಬಂತು. "ಹಡದವ್ವಾ, ಎಲ್ಲಾ ಕೆಲಸಾ ಇದೊಂದ ಮಾಡತೈತಲ್ರಿ!"

ನಾನೂ ನಕ್ಕೆ. ಆದರೆ ಗೆಟ್ ಓವರ್ ಬಂತು. ನೋಟ್‌ಬುಕ್ಕಿನಲ್ಲಿ "ದಾಟು" ಎಂದಷ್ಟೇ ಇತ್ತು. ಅವಳು ಗೈಡಿನಲ್ಲಿದ್ದ ಉದಾಹರಣೆ ವಾಕ್ಯದ ಮೇಲೆ ಬೆರಳಿಟ್ಟು, "ಸತ್ತವರ ದುಃಖ ಅಂತ ಐತ್ರಿ ಇಲ್ಲೆ. ಅದನ್ನ ಹೆಂಗ ದಾಟೂದ್ರಿ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಅಷ್ಟೆಲ್ಲಾ ಕೇಳಬ್ಯಾಡ, ಬಾಯಿಪಾಠ ಮಾಡು!" ಎಂದು ಗದರಿದೆ. ಅಂದಿನಿಂದ ಅವಳು ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿದಳು. ನಾನು ಮೂರ್ಖಳು, ಅವಳು ಜಾಣೆಯಾದಳು ಎಂದುಕೊಂಡೆ. ದಿನಾ ಸಂಜೆ ಕೈಕಟ್ಟಿ ನಿಲ್ಲಿಸುತ್ತಿದ್ದೆ. "ಊಹೂಂ" ಎಂದರೆ ಪಾಪ, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಪರೀಕ್ಷೆಯ ದಿನ ಅವಳ ಒತ್ತಾಯಕ್ಕೆ ನಾನೂ ಪ್ಯಾಸೆಂಜರ್ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋದೆ. ಸಾಹೇಬರ ಕೋಣೆಗೆ ಅರ್ಧ ಪರದೆ ಇತ್ತು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಒಳಗಿನದೆಲ್ಲ ಕೇಳಿಸುತ್ತಿತ್ತು. ಅವಳು ಒಂದು ನೋಟೀಸನ್ನು ತಡವರಿಸದೆ ಓದಿದಳು. ಆಮೇಲೆ ಸಾಹೇಬರು ಮೆತ್ತಗೆ ಕೇಳಿದರು, "ಹೌ ಡಿಡ್ ಯು ಗೆಟ್ ಹಿಯರ್?"

ಇಲ್ಲಿಗೆ ಹೇಗೆ ಬಂದೆ ಅಂತ. ಅಷ್ಟು ನನಗೂ ತಿಳಿಯಿತು. ರೈಲಿನಲ್ಲಿ ಬಂದೆ ಅನ್ನೇ, ಟ್ರೇನ್ ಅನ್ನು, ಅಷ್ಟು ಸಾಕು!

ಪರದೆಯ ಸಂದಿಯಲ್ಲಿ ಅವಳು ಕೈಕಟ್ಟಿದ್ದು ಕಂಡಿತು. ಗೆಟ್ ಕಿವಿಗೆ ಬಿದ್ದದ್ದೇ ತಡ, ಅವಳು ಒಂದನೇ ಅರ್ಥದಿಂದ ಶುರು ಮಾಡಿದಳು. ಸಾಹೇಬರು "ನೋ, ನೋ" ಎಂದರು. ಅವಳು ತಪ್ಪಿತೆಂದು ತಿಳಿದು ಮತ್ತೆ ಮೊದಲಿನಿಂದ ಹೇಳಿದಳು. ಅವರು ಮತ್ತೆ ತಡೆದರು, ಅವಳು ಮತ್ತೆ ಒಂದರಿಂದ. ಮೂರನೆಯ ಸಲ ಅವಳ ದನಿ ನಡುಗುತ್ತಿತ್ತು. ಒಳಗೆ ಯಾರೋ ಕಿಸಕ್ಕನೆ ನಕ್ಕರು.

ಎದ್ದು ಒಳಗೆ ಹೋಗಿ, "ತಪ್ಪು ನನ್ನದರಿ, ಆಕೀಗೆ ಎಲ್ಲಾ ತಿಳೀತೈತಿ," ಎನ್ನಬೇಕಿತ್ತು. ಆದರೆ ಸಾಹೇಬರು ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರೆ? ಬೆಂಚು ಬಿಟ್ಟು ಏಳಲಾಗಲಿಲ್ಲ.

ಅಷ್ಟರಲ್ಲಿ ಗುಮಾಸ್ತನೊಬ್ಬ ಪರದೆ ಸರಿಸಿ ಅವಳನ್ನು ಹೊರಗೆ ಕರೆತಂದ. ಹಿಂದೆಯೇ ಸಾಹೇಬರು. "ಹಿಂಗ ಯಾರು ಕಲಿಸಿದ್ರು ಅಂತ ಕೇಳಾಕತ್ತಾರ ನೋಡು," ಎಂದ ಗುಮಾಸ್ತ.

ಅವಳು ನನ್ನನ್ನು ಒಮ್ಮೆ ನೋಡಿದಳು. ನಾನು ನೆಲ ನೋಡಿದೆ.

"ಯಾರೂ ಇಲ್ರಿ. ನಾನ ಪುಸ್ತಕಾ ನೋಡಿ ಕಲಿತೇನ್ರಿ."

"ಮತ್ತ ಈ ಬಾಯಾರು?"

"ನಮ್ಮೂರವರರಿ. ಸಂತಿಗೆ ಬಂದಾರ."

ಗುಮಾಸ್ತ ನನ್ನ ಕಡೆ ತಿರುಗಿದ. "ಹೌದ್ರಿ," ಎಂದೆ. ನನ್ನ ಬಾಯಿಂದಲೇ ಬಂತು ಅದು.

ನೌಕರಿ ಆಗುವುದಿಲ್ಲವೆಂದು ಅಲ್ಲೇ ತಿಳಿಸಿದರು. ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕು. ತಿರುಗಿ ಬರುವ ಗಾಡಿಯಲ್ಲಿ ಅವಳು ಅಳಲಿಲ್ಲ. ನಾನೇ ಅತ್ತೆ, ನಾಚಿಕೆಗೆಟ್ಟವಳು.

"ನನ್ನ ಹೆಸರು ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಸಾಲಿಗೆ ಸುದ್ದಿ ಮುಟ್ಟತಿತ್ತು. ನಿಮಗೂ ಇಂಗ್ಲಿಷ್ ಬರೂದಿಲ್ಲಂತ ನನಗ ಎರಡನೇ ವಾರದಾಗ ಗೊತ್ತಾಗಿತ್ರಿ ಅಕ್ಕೋರ."

"ಮತ್ತ ಯಾಕ ಬರತಿದ್ದಿ?"

"ಬ್ಯಾರೆ ಯಾರದಾರ್ರಿ ನನಗ?" ಎಂದಳು. ಸೆರಗನ್ನು ಮತ್ತೆ ಬಿಗಿಯಾಗಿ ಹೊದ್ದುಕೊಂಡಳು. "ಕೆಟ್ಟದೋ ಚಲೋದೋ, ಹೋಗಾಕ ನನಗೊಂದು ಮನಿ ಐತಿ. ನೌಕರಿ ಹೋದ್ರ ನೀವು ನಿಮ್ಮವ್ವನ್ನ ಕರಕೊಂಡು ಎಲ್ಲಿಗೆ ಹೋಗತೀರಿ?"

ಆ ವರ್ಷವೇ ನನ್ನ ನೌಕರಿ ಕಾಯಂ ಆಯಿತು. ಅವಳು ಹೋದದ್ದು ಯಾವ ಊರಿಗೆಂದು ಕೇಳುವ ಧೈರ್ಯ ಕೂಡ ನನಗಾಗಲಿಲ್ಲ.